ಸ್ಟ್ರಾಬೆರಿ ರಬ್ಬರು

ಮಗಳ ಕಂಪಾಸು ಪೆಟ್ಟಿಗೆಯ ಸ್ಟ್ರಾಬೆರಿ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನೆರೂಳಿನ ನಮ್ಮ ಮನೆಯ, ನನ್ನ ಬಾಲ್ಯದ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ವಿಡಿಯೋ ಗೇಮಿನ ಜಾಯ್‌ಸ್ಟಿಕ್ಕನ್ನು ಅಣ್ಣ ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ. "ಹುಡುಗಿಯರು ಕೂತು ನೋಡಿದ್ರೆ ಸಾಕು," ಎನ್ನುತ್ತಿದ್ದ. ಅಂದು ಗೇಮಿನ ಕ್ಯಾಸೆಟ್ಟು ಹಾಕಿದರೆ ಟಿವಿಯಲ್ಲಿ ಬರೀ ಗೆರೆ. ಅವನು ಅದನ್ನು ತೆಗೆದು ಧೂಳು ಹೋಗಲೆಂದು ಊದಿ ಊದಿ ಸುಸ್ತಾದ.

"ಇದನ್ನ ಯಾರು ಸರಿ ಮಾಡ್ತಾರೋ ಅವರದ್ದೇ ಮೊದಲ ಆಟ," ಎಂದರು ಅಜ್ಜಿ.

ನಾನು ನನ್ನ ಸ್ಟ್ರಾಬೆರಿ ವಾಸನೆಯ ರಬ್ಬರು ತಂದೆ.

"ಹಾಳು ಮಾಡ್ಬೇಡ ಮಾರಾಯ್ತಿ!" ಎಂದು ಅಣ್ಣ ಕೂಗಿದ.

ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಪೆನ್ಸಿಲ್ ಗೆರೆ ಅಳಿಸಲು ಕಲಿಸಿದಂತೆ, ಕ್ಯಾಸೆಟ್ಟಿನ ಅಂಚಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದೆ. ಕಪ್ಪು ಕೊಳೆಯೆಲ್ಲ ರಬ್ಬರಿಗೆ ಬಂತು. ಹಾಕಿದ್ದೇ ತಡ, ಟಿವಿ ತುಂಬ ಬಣ್ಣ, ಸಂಗೀತ!

ಅಜ್ಜಿ ಅವನ ಕೈಯಿಂದ ಜಾಯ್‌ಸ್ಟಿಕ್ಕು ಬಿಡಿಸಿ ನನಗಿತ್ತರು. ಅದಿನ್ನೂ ಅವನ ಬೆವರಿಗೆ ಬೆಚ್ಚಗಿತ್ತು.

"ಈಗ ನೀನು ಕೂತು ನೋಡು ಮಗಾ," ಎಂದರು.