ಹೆಪ್ಪುಗಟ್ಟದ ಸರೋವರ

"ಸರೋವರ ಯಾಕ ಗಟ್ಟಿ ಆಗಲಿಲ್ಲ?" ಎನ್ನುತ್ತಲೇ ಪಾರ್ವತಿಬಾಯಿ ಒಳಗೆ ಬಂದು, ಯಾರಾದರೂ ಕೂಡ್ರಿ ಎನ್ನುವ ಮೊದಲೇ ಕುರ್ಚಿ ಎಳೆದುಕೊಂಡಳು.

ಯೋಗಿರಾಜ ಹಣೆ ಒತ್ತಿಕೊಂಡ. ಸೋಲಾಪುರದ ನವಿ ಪೇಠೆಯಲ್ಲಿ ಅವನದೊಂದು ಸಣ್ಣ ಟ್ರಾವೆಲ್ಸ್ ಅಂಗಡಿ. ಡಿಸೆಂಬರ್ ಕೊನೆಗೆ ಪೇಠೆಯ ವ್ಯಾಪಾರಿ ಮನೆತನದವರನ್ನು ಕೂಡಿಸಿ ಕಾಶ್ಮೀರ ತೋರಿಸಿಕೊಂಡು ಬಂದಿದ್ದ. ಉಳಿದವರೆಲ್ಲ ಶಾಲು, ಅಕ್ರೋಟು ತಂದು ಖುಷಿಯಾಗಿದ್ದರು. ಬಟ್ಟೆ ಅಂಗಡಿ ಶಾಂತಪ್ಪನ ಹೆಂಡತಿ ಪಾರ್ವತಿಬಾಯಿ ಮಾತ್ರ ಬಂದಂದಿನಿಂದ ಇದೊಂದೇ ಪ್ರಶ್ನೆ ಹಿಡಿದು ಅವನ ಜೀವ ತಿನ್ನುತ್ತಿದ್ದಳು.

"ನೀರಿನ ಮ್ಯಾಲೆ ನಡಸ್ತೀನಿ ಅಂದಿದ್ದಿ. ಗುಡ್ಡ ಬೆಳ್ಳಗಾಗಿತ್ತು, ನಳದಾಗಿನ ನೀರು ಕಲ್ಲಾಗಿತ್ತು, ನನ್ನ ಕಾಲಬೆರಳು ಸೆಟದಿದ್ವು. ಅದಕ್ಕೊಂದಕ್ಕ ಥಂಡಿ ಹತ್ತಲಿಲ್ಲೇನು?"

ಹನಿಮೂನಿಗೆ ಟಿಕೆಟ್ ಕೇಳಲು ಬಂದಿದ್ದ ಹೊಸ ಜೋಡಿ ಮುಖ ಮುಖ ನೋಡಿಕೊಂಡಿತು. ಯೋಗಿರಾಜ ಹಲ್ಲು ಕಚ್ಚಿ ಸಮಾಧಾನ ತಂದುಕೊಂಡ. "ಮಾವಶಿ, ಎಷ್ಟು ಸಲ ಹೇಳ್ಲಿ? ಬ್ಯಾಸಗ್ಯಾಗ ಸಂಜಿ ಮುಂದ ಮಾಳಗಿ ಹತ್ತಿ ನೋಡ್ರಿ. ತಗಡಿನ ಪತ್ರಾ ಆರಿರ್ತದ, ಟಾಕಿ ನೀರು ಇನ್ನೂ ಸುಡತಿರ್ತದ. ನೀರು ತಡಾ ಕಾಯ್ತದ, ತಡಾ ಆರ್ತದ. ಸರೋವರ ಅಂದ್ರ ಎಂಥಾ ದೊಡ್ಡ ಟಾಕಿರಿ ಅದು! ಬ್ಯಾಸಗಿ ಬಿಸಿ ಇನ್ನೂ ಹೊಟ್ಟ್ಯಾಗ ಇಟ್ಕೊಂಡಿತ್ತು. ಅಂಚಿಗೆ ಒಂದು ಗೇಣು ಕಟ್ಟಿತ್ತಲ್ಲ, ನೋಡಿದ್ರಿಲ್ಲ?"

"ಗೇಣು ಕಟ್ಟಿದ್ರ ಅದರ ಮ್ಯಾಲೆ ನಿಂದ್ರಾಕ ಬರ್ತದೇನು?"

ಜೋಡಿ ಮನೆಯಲ್ಲಿ ಕೇಳಿ ಬರುತ್ತೇವೆಂದು ಮರಾಠಿಯಲ್ಲಿ ಗೊಣಗಿ ಜಾರಿಕೊಂಡಿತು. ಯೋಗಿರಾಜನ ತಾಳ್ಮೆ ಹರಿಯಿತು. "ಸರೋವರ ಏನು ನನ್ನ ಆಳೇನ್ರಿ, ಅವತ್ತ ಗಟ್ಟಿ ಆಗಪ್ಪಾ ಅಂತ ಹೇಳಾಕ? ಆಗಿದ್ರರೆ ಏನು ಮಾಡವ್ರಿದ್ರಿ? ಎಲ್ಲಾರಂಗ ನಿಂತು ಒಂದು ಫೋಟೋ ತಗಸವ್ರು. ಅದಕ್ಕ ಇಷ್ಟು ಗದ್ದಲಾ!"

ಪಾರ್ವತಿಬಾಯಿ ಜಗಳಕ್ಕೆ ನಿಲ್ಲಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಂಡಳು. "ಮಂಗಳವೇಢ್ಯಾಗ ನನ್ನ ತವರುಮನಿ ಭಾವಿಗೆ ನನ್ನ ತಂಗಿ ಬಿದ್ಲು. ಸಣ್ಣಾಕಿ. ನಾನು ದಂಡಿ ಮ್ಯಾಲೆ ನಿಂತು ನೋಡಿದೆ, ಇಳಿಯಾಕ ಧೈರ್ಯ ಆಗಲಿಲ್ಲ. ನಿನ್ನ ಅಂಗಡಿ ಬೋರ್ಡಿನ ಮ್ಯಾಲೆ ಮಂದಿ ಸರೋವರದ ಮ್ಯಾಲೆ ನಿಂತ ಫೋಟೋ ಕಂಡಾಗ ಅನಸ್ತು, ನೀರಿಗೆ ಮಂದೀನ್ನ ಹೊರೂದೂ ಗೊತ್ತದ ಅಂತ. ಅದರ ಮ್ಯಾಲೆ ನಿಂತು ಒಂದು ಮಾತು ಕೇಳೂದಿತ್ತು. ಅಕಿ ಬಿದ್ದ ದಿನ ಒಂದು ಗಳಿಗಿ ಗಟ್ಟಿ ಆಗಾಕ ನಿನಗೇನು ಧಾಡಿ ಆಗಿತ್ತು ಅಂತ."

ಯೋಗಿರಾಜನಿಗೆ ತಾನು ಇಷ್ಟು ದಿನ ಉತ್ತರ ಕೊಟ್ಟದ್ದು ಬೇರೆಯೇ ಪ್ರಶ್ನೆಗೆ ಎನಿಸಿತು. "ಫೆಬ್ರುವರಿಯೊಳಗ ಪೂರ್ತಿ ಕಟ್ತದ ಅಂತಾರ್ರಿ ಮಾವಶಿ," ಎಂದ. "ನಾನ ಕರ್ಕೊಂಡು ಹೋಗ್ತೀನಿ. ನೀವು, ನಾನು, ಶಾಂತಪ್ಪ ಕಾಕಾ. ಗ್ರೂಪು ಬ್ಯಾಡ."

"ನೋಡೂಣು," ಎಂದು ಅವಳು ಮೊಣಕಾಲು ಹಿಡಿದು ಎದ್ದಳು.

ಹೊರಗೆ ಪಕ್ಕದ ಅಂಗಡಿಯವನು ಕಟ್ಟೆ ತೊಳೆದಿದ್ದ. ಮೆಟ್ಟಿಲ ಕೆಳಗೆ ಅಂಗೈ ಅಗಲದಷ್ಟು ನೀರು ನಿಂತಿತ್ತು. ಪಾರ್ವತಿಬಾಯಿ ಅದನ್ನು ಕಂಡು ತಡೆದು ನಿಂತಳು. ಆಮೇಲೆ ಸೀರೆ ಎತ್ತಿ ಹಿಡಿದು, ಗೋಡೆಗೆ ಕೈ ಊರಿ, ನಿಲ್ಲಿಸಿದ್ದ ಸ್ಕೂಟರುಗಳ ಸಾಲನ್ನೆಲ್ಲ ಸುತ್ತು ಹಾಕಿಕೊಂಡು ರಸ್ತೆಗೆ ಇಳಿದಳು.