ನಾಲ್ಕು ಕೆಂಪು ಚುಕ್ಕೆ

ಅಕ್ಕ ವಿಮಾನದ ಸೀಟಿನಲ್ಲಿ ಕೂತು ಹಿಡಿಕೆಯನ್ನು ಬಲಕ್ಕೆ ವಾಲಿಸಿದಳು. ಬಲರೆಕ್ಕೆಯ ಅಂಚಿನ ಪಟ್ಟಿ ಮೇಲೇಳಬೇಕಿತ್ತು, ಕೆಳಗಿಳಿಯಿತು. ಇನ್ನೊಮ್ಮೆ ವಾಲಿಸಿದಳು. ಮತ್ತೆ ಕೆಳಗೇ. ಹತ್ತು ನಿಮಿಷ ಕಳೆದಿದ್ದರೆ ತಮ್ಮ ಅದೇ ಸೀಟಿನಲ್ಲಿ ಕೂತು ಆಕಾಶದಲ್ಲಿರುತ್ತಿದ್ದ.

ಶೆಡ್ಡಿನಲ್ಲಿ ಇಬ್ಬರೂ ಸೇರಿ ಕಟ್ಟಿದ ಪುಟ್ಟ ವಿಮಾನ. ಮೊನ್ನೆ ಅವನು ಆ ಪಟ್ಟಿಗಳನ್ನು ಎರಡು ಬೆರಳಷ್ಟು ಹೆಚ್ಚು ಅಗಲ ಮಾಡಿ, ಕೇಬಲ್‌ಗಳನ್ನು ಮತ್ತೆ ಕಟ್ಟಿದ್ದ. ಅವು ಅದಲುಬದಲಾಗಿದ್ದವು. ಅವನು ಬಿಗಿದ ಪ್ರತಿ ಬೋಲ್ಟನ್ನೂ ಅಕ್ಕ ಪರೀಕ್ಷಿಸಿ, ತನ್ನ ಕೆಂಪು ನೇಲ್‌ಪಾಲಿಶಿನಿಂದ ಚುಕ್ಕೆ ಇಡಬೇಕು, ಚುಕ್ಕೆಯಿಲ್ಲದೆ ಹಾರಾಟವಿಲ್ಲ. ಅದು ಅವರಿಬ್ಬರ ಕಟ್ಟಳೆ. ಅಕ್ಕ ಇಳಿದುಬಂದು ರೆಕ್ಕೆಯಡಿ ಬಗ್ಗಿ ಮುಚ್ಚಳ ತೆಗೆದಳು. ನಾಲ್ಕು ಬೋಲ್ಟ್, ನಾಲ್ಕು ಚುಕ್ಕೆ.

"ನೋಡಿದ ನೆನಪೇ ಇಲ್ವಲ್ಲೋ. ಜ್ವರದ ಮಂಪರಲ್ಲಿ ಇಟ್ಟುಬಿಟ್ಟೆನೇನೋ." ಪಕ್ಕದಲ್ಲಿ ನಿಂತಿದ್ದ ತಮ್ಮನತ್ತ ತಿರುಗಿದಳು. "ಕೈಯಾರೆ ನಿನ್ನನ್ನ ಕೊಲ್ತಿದ್ದೆ ಕಣೋ." ಹಲಗೆಯ ಮೇಲಿದ್ದ ನೇಲ್‌ಪಾಲಿಶ್ ಸೀಸೆಯನ್ನು ತೆಗೆದು ಅವನತ್ತ ಚಾಚಿದಳು. "ತಗೋ. ಇನ್ಮೇಲೆ ಈ ಕೆಲಸ ಬೇರೆ ಯಾರಿಗಾದ್ರೂ ಹೇಳು."

ಮೊನ್ನೆ ಜ್ವರವೆಂದು ಅವಳು ಬೇಗ ಮನೆಗೆ ಹೋದ ಮೇಲೆ, ಕಾಯುವ ತಾಳ್ಮೆಯಿಲ್ಲದೆ ಚುಕ್ಕೆ ಇಟ್ಟವನು ಅವನೇ. ಅದನ್ನು ಹೇಳಲೆಂದೇ ಬಾಯಿ ತೆರೆದ. ಬಂದ ಮಾತು ಬೇರೆ.

"ಹೋಗ್ಲಿ ಬಿಡಕ್ಕ, ಯಾರಿಗಾದ್ರೂ ಆಗುತ್ತೆ."

ಹಾಗೆಂದು ಸೀಸೆಗೆ ಕೈಯೊಡ್ಡಿದ. ಅಕ್ಕನ ನೋಟ ಅವನ ಹೆಬ್ಬೆರಳಿನ ಮೇಲೆ ನಿಂತಿತು. ಎಷ್ಟು ಉಜ್ಜಿದರೂ ಹೋಗದ ಕೆಂಪು ಇನ್ನೂ ಉಗುರಿನ ಸಂದಿಯಲ್ಲಿತ್ತು.

ಅಕ್ಕ ಸೀಸೆಯನ್ನು ಬಿಡಲಿಲ್ಲ.