ಎತ್ತಿದ ಕೈ

ಪ್ರತಿ ಪಾಠಕ್ಕೂ ಲೊಕೇಶನ್ ಸಮೇತ ಒಂದು ಫೋಟೋ ತೆಗೆದು ಆ್ಯಪ್‌ಗೆ ಹಾಕಲೇಬೇಕೆಂದು ಇಲಾಖೆಯಿಂದ ಆದೇಶ ಬಂದ ಮೇಲೆ, ಜಯಶೀಲಾ ಟೀಚರಿಗೆ ಪಾಠ ಮಾಡುವುದಕ್ಕೇ ಪುರುಸೊತ್ತು ಇಲ್ಲದಂತಾಗಿತ್ತು. ಅವರು ಫೋನ್ ಎತ್ತಿದರೆ ಸಾಕು, ಇಡೀ ತರಗತಿ ಉತ್ತರ ಗೊತ್ತಿರುವಂತೆ ಕೈ ಎತ್ತಿ ನಗುತ್ತಿತ್ತು. ಪ್ರಶ್ನೆ ಕೇಳುವ ಗೋಜಿಗೆ ಅವರೂ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಜೇಬಿನಿಂದ ಫೋನ್ ತೆಗೆದು, ಅದರಲ್ಲಿದ್ದ ಪ್ರಶ್ನೆ ಓದಿದರು.

"ಮಳೆ ಹೇಗೆ ಬರುತ್ತೆ? ಯಾರ್ ಹೇಳ್ತೀರಾ?"

ಅಷ್ಟೂ ಕೈಗಳು ಮೇಲೆದ್ದವು.

"ಭೇಷ್! ಎಲ್ರಿಗೂ ಗೊತ್ತಿದೆಯಲ್ಲ ಮೇಡಂ! ನೀನು ಹೇಳಮ್ಮ."

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಎತ್ತಿದ ಕೈ ಹಾಗೇ ಇತ್ತು, ಮುಖದ ತುಂಬ ನಗುವಿತ್ತು.

"ಹೇಳು ಪುಟ್ಟಾ."

ಅವಳ ನಗು ಇನ್ನಷ್ಟು ಅಗಲವಾಯಿತು. ಇವತ್ತಿಗೆ ನನ್ನ ಕತೆ ಮುಗಿಯಿತು ಎಂದುಕೊಂಡು ಜಯಶೀಲಾ ಸೆರಗಿನಿಂದ ಹಣೆ ಒರೆಸಿಕೊಂಡರು.

"ಕೈ ನೋಯ್ತಿದೆ ಸಾರ್," ಹುಡುಗಿ ನಗು ಕೆಡಿಸಿಕೊಳ್ಳದೆ ಕೇಳಿದಳು, "ಫೋಟೋ ತೆಗೆದಾಯ್ತಾ?"

ಸಾಹೇಬರು ಹುಬ್ಬು ಗಂಟಿಕ್ಕಿ ಫೋನ್ ನೋಡಿದರು.

"ಇನ್ನೊಂಚೂರು ತಡ್ಕೊಳಮ್ಮ, ಲೊಕೇಶನ್ ಬರ್ತಾ ಇಲ್ಲ."